ನಾಲ್ಕು ಮಿಲಿಮೀಟರಿನ ತಕರಾರು

ಸೈಕಲ್ಲಿನ ಹಿಂದಿನ ಗಾಲಿ ಬಿಚ್ಚಿ ಬದಿಗಿಟ್ಟು ಬರೀ ಫ್ರೇಮನ್ನು ಹಿಂದಿನಿಂದ ನೋಡಿ. ಎರಡು ಕಾಲು ಕಾಣುತ್ತವೆ. ಒಂದೊಂದು ಕಾಲಿಗೂ ಎರಡೆರಡು ಪೈಪು: ಒಂದು ಪೆಡಲಿನ ಬುಡದಿಂದ ಹಿಂದಕ್ಕೆ ಬರುತ್ತದೆ, ಇನ್ನೊಂದು ಸೀಟಿನ ಕೆಳಗಿನಿಂದ ಇಳಿಯುತ್ತದೆ. ಅವೆರಡೂ ಕೂಡುವಲ್ಲಿ ಸೀಳು ಬಿಟ್ಟ ಒಂದು ದಪ್ಪ ಪಟ್ಟಿ. ಎಕ್ಸೆಲ್ ಕೂಡ್ರುವುದು ಆ ಸೀಳಿನಲ್ಲಿ. ಎಡಪಟ್ಟಿಯ ಒಳಮೈಯಿಂದ ಬಲಪಟ್ಟಿಯ ಒಳಮೈವರೆಗೆ ಎಷ್ಟು ಅಂತರ? ಸೈಕಲ್ ಕೊಳ್ಳುವಾಗ ಬಣ್ಣ ಆರಿಸುವವರಿದ್ದಾರೆ, ಗೇರು ಎಣಿಸುವವರಿದ್ದಾರೆ. ಈ ಅಂತರ ಕೇಳಿದ ಗಿರಾಕಿಯನ್ನು ನಾನಂತೂ ಕಂಡಿಲ್ಲ. ಅದರ ನೆನಪಾಗುವುದು ಗಾಲಿ ಬದಲಿಸುವ ದಿನ. ಹೊಸ ಗಾಲಿ ಕೈಯಲ್ಲಿರುತ್ತದೆ, ಫ್ರೇಮು ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ನಾನು ಐಟಿಐಯಲ್ಲಿ ಫಿಟ್ಟರ್ ಟ್ರೇಡ್ ಕಲಿಸಿ ನಿವೃತ್ತನಾದವನು. ಮನೆ ವಿಜಯಪುರದಲ್ಲಿ. ವಿಜಯಪುರ, ಬಾಗಲಕೋಟೆ ಸೀಮೆಗೆ ಸೈಕಲ್ ರೇಸಿನ ಹುಚ್ಚು ಹಳೆಯದು. ಬೆಳಗಿನ ಜಾವ ಊರ ಹೊರಗಿನ ರಸ್ತೆಯಲ್ಲಿ ಸಾಲುಗಟ್ಟಿ ತುಳಿಯುವ ಹುಡುಗ ಹುಡುಗಿಯರನ್ನು ನೋಡಿದರೆ ಅದು ಗೊತ್ತಾಗುತ್ತದೆ. ಅವರಲ್ಲಿ ಬಹಳ ಮಂದಿ ರೈತರ, ಕೂಲಿಯವರ ಮಕ್ಕಳು. ಲಕ್ಷ ರೂಪಾಯಿಯ ಕಾರ್ಬನ್ ಸೈಕಲ್ ಎಲ್ಲರ ಕೈಗೆ ಎಟುಕುವ ಮಾತಲ್ಲ. ಹಿರಿಯ ಸವಾರರು ಕೈಬಿಟ್ಟ ಉಕ್ಕಿನ ಫ್ರೇಮು ಒಂದು ಕಡೆಯಿಂದ, ಯಾರೋ ಮಾರಿದ ಗಾಲಿ ಇನ್ನೊಂದು ಕಡೆಯಿಂದ ಬರುತ್ತದೆ. ಎರಡನ್ನೂ ಮದುವೆ ಮಾಡಿಸುವ ಕೆಲಸ ನನ್ನ ಪಡಸಾಲೆಯ ಬೆಂಚ್ ವೈಸ್‌ ಹತ್ತಿರ ನಡೆಯುತ್ತದೆ. ಜಾತಕದಲ್ಲಿ ನೋಡುವ ಮೊದಲ ಅಂಕಿ ಇದೇ ಅಂತರ.

ಈ ಅಂತರ ಎಲ್ಲ ಸೈಕಲ್ಲಿಗೂ ಒಂದೇ ಇದ್ದಿದ್ದರೆ ಈ ಲೇಖನವೇ ಬೇಕಿರಲಿಲ್ಲ. ಅದು ಕಾಲಕಾಲಕ್ಕೆ ಬೆಳೆಯುತ್ತ ಬಂದಿದೆ. ಒಂದೇ ಫ್ರೀವೀಲಿನ ಹಳೆಯ ಇಂಗ್ಲಿಷ್ ಮಾದರಿಯ ಸೈಕಲ್ಲಿನಲ್ಲಿ 110 ಮಿಲಿಮೀಟರ್ ಆಸುಪಾಸು ಇರುತ್ತಿತ್ತು. ನಮ್ಮ ಅಟ್ಲಾಸ್, ಹೀರೋ, ಹರ್ಕ್ಯುಲಿಸ್‌ನ ಕಪ್ಪು ಸೈಕಲ್ಲುಗಳು ಅದೇ ವಂಶದವು. ಹಿಂದೆ ಐದು ಹಲ್ಲುಚಕ್ರ ಬಂದಾಗ 120 ಆಯಿತು. ಆರು, ಏಳಕ್ಕೆ 126. ಎಂಟು ಹಲ್ಲುಚಕ್ರದ ರೇಸಿಂಗ್ ಸೈಕಲ್ಲುಗಳು 1980ರ ದಶಕದ ಕೊನೆಗೆ ಬಂದು 130 ಮಾಡಿದವು. ಆಮೇಲೆ ಒಂಬತ್ತು, ಹತ್ತು, ಹನ್ನೊಂದು ಆದರೂ ಅಷ್ಟರಲ್ಲೇ ಸಾಗಿತು. ಮೌಂಟೇನ್ ಬೈಕಿನವರು 135ಕ್ಕೆ ಹೋದರು. ಈಗ ಡಿಸ್ಕ್ ಬ್ರೇಕಿನ ಜೊತೆ ದಪ್ಪ ತೂರುಎಕ್ಸೆಲ್ ಬಂದು 142, 148 ಎಂದು ನಡೆದಿದೆ. ಟ್ರ್ಯಾಕಿನಲ್ಲಿ ಓಡಿಸುವ, ಗೇರೂ ಬ್ರೇಕೂ ಇಲ್ಲದ ಸೈಕಲ್ ಮಾತ್ರ 120ರಲ್ಲೇ ಗಟ್ಟಿಯಾಗಿ ನಿಂತಿದೆ.

ಹಲ್ಲುಚಕ್ರ ಹೆಚ್ಚಿದರೆ ಜಾಗ ಬೇಕು, ಸರಿ. ಆದರೆ ಅಂತರ ಹಿಗ್ಗಿಸಿದ್ದಕ್ಕೆ ಇನ್ನೂ ಒಂದು ಕಾರಣವಿದೆ, ನನಗೆ ಅದೇ ಮುಖ್ಯ. ರಿಮ್ಮು ಎರಡು ಪಟ್ಟಿಗಳ ನಟ್ಟನಡುವೆ ಓಡಬೇಕು. ಫ್ರೀವೀಲ್ ಮಾತ್ರ ಬಲಗಡೆ ಕುಳಿತಿದೆ. ಹಾಗಾಗಿ ಹಬ್‌ನ ಬಲಗಡೆಯ ಕಡ್ಡಿಗಳು ಒಳಗೆ ಸರಿದು ನೆಟ್ಟಗೆ ನಿಲ್ಲುತ್ತವೆ, ಎಡಗಡೆಯವು ಓರೆಯಾಗಿ ನಿಲ್ಲುತ್ತವೆ. ರಿಮ್ಮನ್ನು ನಡುವೆ ಹಿಡಿಯಬೇಕಾದರೆ ನೆಟ್ಟಗಿರುವ ಬಲಗಡ್ಡಿಗಳನ್ನು ಬಹಳ ಬಿಗಿ ಮಾಡಬೇಕು, ಎಡಗಡ್ಡಿಗಳು ಸಡಿಲ ಉಳಿಯುತ್ತವೆ. ಸಡಿಲ ಕಡ್ಡಿ ತುಳಿದಂತೆಲ್ಲ ಎಳೆತ, ಸಡಿಲ, ಎಳೆತ, ಸಡಿಲ ಎಂದು ಆಡಿ ಬಾಗಿದಲ್ಲೇ ಮುರಿಯುತ್ತದೆ. ಹಿಂದಿನ ಗಾಲಿಯ ಬೆಂಡ್ ತೆಗೆಸಿದ ತಿಂಗಳೊಳಗೆ ಮತ್ತೆ ಬೆಂಡ್ ಬಂತೆಂದು ಗೊಣಗುವವರು ರಿಪೇರಿಯವನನ್ನು ಬೈಯುವ ಮೊದಲು ಈ ಓರೆಯನ್ನೊಮ್ಮೆ ನೋಡಬೇಕು. ಹಲ್ಲುಚಕ್ರ ಒಂದು ಹೆಚ್ಚಿಸಿ ಅಂತರವನ್ನು ಹಾಗೇ ಬಿಟ್ಟಿದ್ದರೆ ಗಾಲಿ ಇನ್ನೂ ದುರ್ಬಲವಾಗುತ್ತಿತ್ತು. ಎಡಕ್ಕೂ ತುಸು ಜಾಗ ಕೊಟ್ಟು ಇಡೀ ಹಬ್ಬನ್ನು ಅಗಲ ಮಾಡಿದ್ದರಿಂದ ಗಾಲಿ ಸ್ವಲ್ಪ ಬಲಾಢ್ಯವಾಗಿ ಉಳಿಯಿತು.

ಹೈಸ್ಕೂಲು ಓದುವ ಹುಡುಗಿಯೊಬ್ಬಳು ಅಪ್ಪನ ಜೊತೆ ಬಂದಿದ್ದಳು. ಅಪ್ಪನ ಹೆಗಲ ಮೇಲೆ ಫ್ರೇಮು, ಅವಳ ಕೈಯಲ್ಲಿ ಗಾಲಿ. ಇಂಗ್ಲೆಂಡಿನಲ್ಲಿ ತಯಾರಾದ ಹಳೆಯ ರೇಸಿಂಗ್ ಫ್ರೇಮು, ಯಾರ ಯಾರ ಕೈ ದಾಟಿಯೋ ಇಲ್ಲಿಗೆ ಬಂದಿತ್ತು. ಸೀಟಿನ ಪೈಪಿನ ಮೇಲೆ ರೆನಾಲ್ಡ್ಸ್ 531 ಎಂಬ ಸ್ಟಿಕರು ಅರ್ಧ ಅಳಿಸಿತ್ತು. ಮ್ಯಾಂಗನೀಸ್ ಮತ್ತು ಮಾಲಿಬ್ಡಿನಮ್ ಬೆರೆಸಿದ ಈ ಉಕ್ಕಿನ ಪೈಪನ್ನು ರೆನಾಲ್ಡ್ಸ್ ಕಂಪನಿ 1935ರಲ್ಲಿ ತಂದಿತು. ಅಲ್ಲಿಂದ ಹಲವು ದಶಕ ಯುರೋಪಿನ ರೇಸುಗಳನ್ನು ಆಳಿದ್ದು ಇಂಥ ಪೈಪುಗಳೇ. ಗಾಲಿ ಮಾತ್ರ ಈಚಿನದು, ಎಂಟು ಹಲ್ಲುಚಕ್ರದ್ದು.

“ಗಾಲಿ ಕೂಡ್ರವಲ್ದು ನೋಡ್ರಿ ಸರ” ಎಂದರು ಅಪ್ಪ.

“ಕೂಡ್ತದ್ರಿ ಸರ, ಜಗ್ಗಿ ಹಿಡದ್ರ ಕೂಡ್ತದ. ಆದ್ರ ಒಬ್ಬರು ಜಗ್ಗಬೇಕು, ಒಬ್ಬರು ಹಾಕಬೇಕು” ಎಂದಳು ಮಗಳು. ರೇಸಿನ ನಡುವೆ ಪಂಕ್ಚರಾದರೆ ಜಗ್ಗಲು ಇನ್ನೊಬ್ಬರನ್ನು ಎಲ್ಲಿಂದ ತರುವುದು ಎಂಬುದು ಅವಳ ಚಿಂತೆ. ಅವಳ ಲೆಕ್ಕ ಸರಿಯಾಗಿತ್ತು.

ಫ್ರೇಮಿಗೆ ವರ್ನಿಯರ್ ಹಿಡಿದೆ: 126. ಗಾಲಿಯ ಹಬ್ಬನ್ನು ಎರಡೂ ಲಾಕ್ ನಟ್ಟುಗಳ ಹೊರಮೈಯಿಂದ ಅಳೆದೆ: 130. ಎಕ್ಸೆಲ್ಲಿನ ಪೂರ್ತಿ ಉದ್ದ ಅಳೆದು ತಲೆ ಕೆಡಿಸಿಕೊಳ್ಳುವವರು ಬಹಳ. ಆ ಉದ್ದ ಬೇಡ, ಲಾಕ್ ನಟ್ಟಿನ ಹೊರಮೈ ಪಟ್ಟಿಯ ಒಳಮೈಗೆ ತಾಗುವುದರಿಂದ ಅಲ್ಲಿಂದಲ್ಲಿಗೆ ಅಳೆಯಬೇಕು. ಆಮೇಲೆ ಕಿಸೆಯಿಂದ ಒಂದು ಅಯಸ್ಕಾಂತ ತೆಗೆದು ಫ್ರೇಮಿನ ನಾಲ್ಕೂ ಪೈಪಿಗೆ ಅಂಟಿಸಿ ನೋಡಿದೆ. ಸ್ಟಿಕರನ್ನು ಯಾರು ಎಲ್ಲಿ ಬೇಕಾದರೂ ಅಂಟಿಸಬಹುದು, ಅಯಸ್ಕಾಂತಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ಕಚ್ಚಿ ಹಿಡಿಯಿತು. ಉಕ್ಕು.

ನಾಲ್ಕು ಮಿಲಿಮೀಟರ್ ಎಂದರೆ ಒಂದೊಂದು ಬದಿಗೆ ಎರಡು. ಉಕ್ಕಿನ ಕಾಲುಗಳು ಅಷ್ಟು ಬಾಗಿ ಕೊಡುತ್ತವೆ, ಕೈಯಿಂದ ಹಿಗ್ಗಿಸಿ ಗಾಲಿ ತುರುಕಿದರೆ ತಕ್ಷಣಕ್ಕೆ ಏನೂ ಆಗುವುದಿಲ್ಲ. ಲೋಕದಲ್ಲಿ ಎಷ್ಟೋ ಸೈಕಲ್ಲು ಹಾಗೇ ಓಡುತ್ತಿವೆ. ಅಮೆರಿಕದ ಸರ್ಲಿ ಎಂಬ ಕಂಪನಿ ತನ್ನ ಕ್ರಾಸ್ ಚೆಕ್ ಉಕ್ಕಿನ ಫ್ರೇಮನ್ನು ಬೇಕೆಂದೇ 132.5ಕ್ಕೆ ಮಾಡುತ್ತಿತ್ತು, 130ರ ಹಬ್ಬಿದ್ದರೆ ಕಾಲು ಒಳಕ್ಕೆ ಬರಲಿ, 135ರದ್ದಿದ್ದರೆ ಹೊರಕ್ಕೆ ಹೋಗಲಿ ಎಂಬ ಧೈರ್ಯ. ಹಾಗಿದ್ದಮೇಲೆ ತಕರಾರು ಏನು? ಒಂದು, ಆ ಹುಡುಗಿ ಹೇಳಿದ್ದು: ಪ್ರತಿ ಸಲ ಜಗ್ಗಾಟ. ಇನ್ನೊಂದು, ಪಟ್ಟಿಗಳ ಮುಖ. ಪೆಡಲಿನ ಬುಡದಿಂದ ಬರುವ ಪೈಪು ಸುಮಾರು 420 ಮಿಲಿಮೀಟರ್ ಉದ್ದ. ಅದರ ತುದಿ ಎರಡು ಮಿಲಿಮೀಟರ್ ಸರಿದರೆ ಪಟ್ಟಿ ಕಡಿಮೆಯೆಂದರೂ ಕಾಲು ಡಿಗ್ರಿ ತಿರುಗುತ್ತದೆ. ಎರಡೂ ಬದಿ ಸೇರಿದರೆ ಅರ್ಧ ಡಿಗ್ರಿ ದಾಟುತ್ತದೆ. ಮೊದಲು ಒಂದಕ್ಕೊಂದು ಸಮಾನಾಂತರವಾಗಿದ್ದ ಪಟ್ಟಿಗಳು ಈಗ ಹಿಂದಕ್ಕೆ ಬಾಯ್ದೆರೆದು ನಿಲ್ಲುತ್ತವೆ. ನಟ್ಟು ಬಿಗಿಯುವಾಗ ಪಟ್ಟಿ ನೆಟ್ಟಗಾಗಲು ಹವಣಿಸುತ್ತದೆ, ಎಕ್ಸೆಲ್ ಬಗ್ಗಲು ಹವಣಿಸುತ್ತದೆ. ತುಳಿಯುತ್ತ ಹೋದಂತೆ ಆ ಒತ್ತಡ ಗಾಲಿ ತಿರುಗಿದಷ್ಟೂ ಸಲ ಹಬ್‌ನ ಕೋನು, ಗುಂಡುಗಳ ಮೇಲೆ ಬೀಳುತ್ತದೆ. ಅದರಲ್ಲೂ ಸ್ಪ್ಯಾನರಿಲ್ಲದೆ ಲಿವರಿನಿಂದ ಬಿಗಿಯುವ ಕ್ವಿಕ್ ರಿಲೀಸಿನ ಎಕ್ಸೆಲ್ ನಡುವೆ ಟೊಳ್ಳು. ಒಂದು ದಿನ ಅದು ಎರಡು ತುಂಡಾಗಿ ಕೈಗೆ ಬಂದರೆ ಆಶ್ಚರ್ಯಪಡಬೇಕಾಗಿಲ್ಲ.

ಫ್ರೇಮಿಗೆ ಕೈಹಚ್ಚದೆ ಹಬ್ಬನ್ನೇ ಕಿರಿದು ಮಾಡಬಹುದಲ್ಲ ಎಂದು ಅಪ್ಪ ಕೇಳಿದರು. ಬುದ್ಧಿವಂತ ಪ್ರಶ್ನೆ. ಎಕ್ಸೆಲ್ಲಿನ ಎಡತುದಿಯಲ್ಲಿ ಲಾಕ್ ನಟ್ಟಿನ ಒಳಗೆ ವಾಷರುಗಳಿರುತ್ತವೆ. ನಾಲ್ಕು ಮಿಲಿಮೀಟರಿನಷ್ಟು ತೆಗೆದರೆ 126 ಆಗುತ್ತದೆ. ಆದರೆ ವಾಷರ್ ತೆಗೆದದ್ದು ಎಡಗಡೆ ಒಂದರಿಂದಲೇ, ಆದ್ದರಿಂದ ನಟ್ಟನಡು ಎರಡು ಮಿಲಿಮೀಟರ್ ಬಲಕ್ಕೆ ಸರಿಯುತ್ತದೆ. ರಿಮ್ಮನ್ನೂ ಅಷ್ಟು ಬಲಕ್ಕೆ ಎಳೆಯಬೇಕು. ಬಲಗಡ್ಡಿ ಇನ್ನೂ ಬಿಗಿ, ಎಡಗಡ್ಡಿ ಇನ್ನೂ ಸಡಿಲ. ಅಂತರ ಹಿಗ್ಗಿಸಿ ಗಳಿಸಿದ ಲಾಭವನ್ನೆಲ್ಲ ವಾಪಸು ಕೊಟ್ಟ ಹಾಗಾಯಿತು. ಜೊತೆಗೆ ಎಕ್ಸೆಲ್ಲನ್ನೂ ಕತ್ತರಿಸಬೇಕು. ಕ್ವಿಕ್ ರಿಲೀಸಿನ ಗಾಲಿಗೆ ಎಕ್ಸೆಲ್ಲು ಎರಡೂ ಕಡೆ ಸುಮಾರು ಐದೈದು ಮಿಲಿಮೀಟರ್ ಮಾತ್ರ ಹೊರಗಿರಬೇಕು. 130ರ ಹಬ್ಬಿಗೆ 141ರ ಎಕ್ಸೆಲ್ ಹಾಕುವುದು ಅದಕ್ಕೇ. ಅದು ಪಟ್ಟಿಯ ದಪ್ಪಕ್ಕಿಂತ ಹೆಚ್ಚು ಹೊರಬಂದರೆ ಕ್ವಿಕ್ ರಿಲೀಸು ಎಕ್ಸೆಲ್ಲಿನ ತುದಿಯನ್ನು ಹಿಡಿಯುತ್ತದೆ, ಫ್ರೇಮನ್ನು ಹಿಡಿಯುವುದಿಲ್ಲ. ಹತ್ತಲಿಕ್ಕೆ ಎದ್ದು ನಿಂತು ತುಳಿದಾಗ ಗಾಲಿ ಜಾರುತ್ತದೆ. ಅಲ್ಯುಮಿನಿಯಮ್ ಫ್ರೇಮಾಗಿದ್ದರೆ ಈ ದಾರಿಯನ್ನೇ ಹಿಡಿಯುತ್ತಿದ್ದೆ. ಒಳ್ಳೆಯ ಉಕ್ಕು ಕೈಯಲ್ಲಿದ್ದಾಗ ಗಾಲಿಯನ್ನು ಕೆಡಿಸಲು ನನಗೆ ಮನಸ್ಸು ಬರಲಿಲ್ಲ.

ಉಕ್ಕನ್ನು ಬಗ್ಗಿಸುವುದು ಕಷ್ಟವಲ್ಲ. ಎಲ್ಲಿ, ಎಷ್ಟು, ಯಾವ ಬದಿಗೆ ಎಂದು ತಿಳಿಯುವುದೇ ಕೆಲಸ.

ಬಹಳ ಮಂದಿ ಮಾಡುವ ಉಪಾಯ ಒಂದಿದೆ. ಒಂದು ಮೊಳ ಉದ್ದದ ಥ್ರೆಡ್ ರಾಡು ತಂದು ಎರಡೂ ಪಟ್ಟಿಯ ಸೀಳಿನಲ್ಲಿ ಕೂಡ್ರಿಸಿ, ಒಳಗಡೆ ಒಂದೊಂದು ನಟ್ಟು, ವಾಷರು ಹಾಕಿ, ನಟ್ಟುಗಳನ್ನು ಹೊರಕ್ಕೆ ತಿರುಗಿಸುತ್ತ ಹೋಗುವುದು. ಎರಡೂ ಕಾಲು ಒಟ್ಟಿಗೆ ಹಿಗ್ಗುತ್ತವೆ. ನೋಡಲು ಬಹಳ ನ್ಯಾಯವಾಗಿ ಕಾಣುತ್ತದೆ. ಆದರೆ ಎರಡೂ ಕಾಲಿಗೆ ಬೀಳುವ ಬಲ ಒಂದೇ ಆದರೂ ಎರಡೂ ಕಾಲು ಒಂದೇ ಗಟ್ಟಿ ಇರಬೇಕಲ್ಲ? ಮುಂದಿನ ಹಲ್ಲುಚಕ್ರ ತಾಗದಿರಲೆಂದು ಬಲಗಡೆಯ ಪೈಪನ್ನು ಬಹಳ ಫ್ರೇಮುಗಳಲ್ಲಿ ಒಂದು ಕಡೆ ಒಳಕ್ಕೆ ತಗ್ಗಿಸಿರುತ್ತಾರೆ. ಯಾವ ಕಾಲು ಮೆತ್ತಗೋ ಅದು ಮೊದಲು ಶರಣಾಗುತ್ತದೆ, ಇನ್ನೊಂದು ಚಿಮ್ಮಿ ತನ್ನ ಜಾಗಕ್ಕೆ ವಾಪಸು ಬರುತ್ತದೆ. ಕೊನೆಗೆ ಅಳತೆ 130 ಸರಿಯಾಗಿ ಬಂದಿರುತ್ತದೆ, ಗಾಲಿ ಒಂದು ಮಗ್ಗುಲಿಗೆ ಸರಿದಿರುತ್ತದೆ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವೆಸ್ಟ್ ನ್ಯೂಟನ್ನಿನಲ್ಲಿ ಹ್ಯಾರಿಸ್ ಸೈಕ್ಲರಿ ಎಂಬ ಅಂಗಡಿ ಇತ್ತು. ಅಲ್ಲಿನ ಮೆಕ್ಯಾನಿಕ್ ಶೆಲ್ಡನ್ ಬ್ರೌನ್ ಸೈಕಲ್ಲಿನ ಬಗ್ಗೆ ಬರೆದಿಟ್ಟಷ್ಟು ಬೇರೆ ಯಾರೂ ಬರೆದಿರಲಾರರು. 2008ರಲ್ಲಿ ತೀರಿಕೊಂಡರು. ದಾರ ಕಟ್ಟಿ ಅಳೆದು, ಹಲಗೆ ಹಾಕಿ ಒಂದೊಂದೇ ಕಾಲನ್ನು ಬಗ್ಗಿಸುವ ವಿಧಾನವನ್ನು ಲೋಕಕ್ಕೆಲ್ಲ ಹಂಚಿದವರು ಅವರು. ನಾನು ಮಾಡುವುದೂ ಅದನ್ನೇ. ಫಿಟ್ಟರ್ ಟ್ರೇಡಿನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಇಡೀ ಕೆಲಸಕ್ಕೆ ಬೇಕಾದ ದುಬಾರಿ ಸಾಮಾನು ವರ್ನಿಯರ್ ಒಂದೇ. ಅದೂ ಇಲ್ಲದಿದ್ದರೆ ಉಕ್ಕಿನ ಸ್ಕೇಲು ಸಾಕು.

ಮೊದಲು ದಾರ. ಬಿಗಿಯಾದ ನೈಲಾನ್ ದಾರವನ್ನು ಎಡಪಟ್ಟಿಗೆ ಕಟ್ಟಿ, ಮುಂದೆ ಹ್ಯಾಂಡಲ್ ಕೂಡ್ರುವ ತಲೆಪೈಪನ್ನು ಸುತ್ತಿಸಿ, ಬಲಪಟ್ಟಿಗೆ ತಂದು ಜಗ್ಗಿ ಕಟ್ಟಬೇಕು. ದಾರ ಸೀಟಿನ ಪೈಪಿನ ಎರಡೂ ಪಕ್ಕದಲ್ಲಿ ಹಾಯುತ್ತದೆ. ಪೈಪಿನಿಂದ ದಾರಕ್ಕೆ ಇರುವ ಸಂದು ಎರಡೂ ಕಡೆ ಒಂದೇ ಇದ್ದರೆ ಕಾಲುಗಳು ನಡುಗೆರೆಯ ಎರಡೂ ಬದಿಗೆ ಸಮವಾಗಿವೆ ಎಂದರ್ಥ. ಆ ಫ್ರೇಮಿನಲ್ಲಿ ಬಲಕ್ಕೆ 30 ಮಿಲಿಮೀಟರ್ ಬಂತು, ಎಡಕ್ಕೆ 28. ಹುಡುಗಿಯ ಕೈಗೆ ಸ್ಕೇಲು ಕೊಟ್ಟೆ. ಅವಳೂ ಅಷ್ಟೇ ಓದಿದಳು.

“ಎರಡು ಮಿಲಿಮೀಟರ್ ಅಲ್ರಿ, ಏನಾಗ್ತದ?” ಎಂದರು ಅಪ್ಪ.

ಎರಡು ಕಾಣುವುದು ಸೀಟಿನ ಪೈಪಿನ ಹತ್ತಿರ. ದಾರ ಹಿಂದಕ್ಕೆ ಹೋದಂತೆ ಅಗಲವಾಗುವುದರಿಂದ ಪಟ್ಟಿಯ ಹತ್ತಿರ ಆ ವ್ಯತ್ಯಾಸ ಮೂರೂವರೆ ದಾಟುತ್ತದೆ. ಕಾಗದದ ಮೇಲೆ ಗೆರೆ ಹಾಕಿ ತೋರಿಸಿದೆ: ನಡುಗೆರೆಯಿಂದ ಬಲಪಟ್ಟಿ 65ರ ಹತ್ತಿರ ಇದೆ, ಎಡಪಟ್ಟಿ 61ರ ಹತ್ತಿರ. ಎರಡೂ ಸೇರಿ 126. ನಮಗೆ ಬೇಕಾದದ್ದು 65 ಮತ್ತು 65. ಅಂದರೆ ಬಲಗಾಲು ಆಗಲೇ 130ರ ಗಾಲಿಗೆ ತಯಾರಾಗಿ ನಿಂತಿದೆ! ಯಾವಾಗಲೋ ಬಿದ್ದೋ, ಬಸ್ಸಿನ ಮೇಲೆ ಹೇರಿದಾಗ ಒತ್ತು ಬಿದ್ದೋ, ಎಡಗಾಲು ಒಳಗೆ ಸರಿದಿತ್ತು. ಈ ಫ್ರೇಮಿಗೆ ಥ್ರೆಡ್ ರಾಡು ಹಾಕಿದ್ದರೆ ಸೊಟ್ಟ ಹಾಗೇ ಉಳಿಯುತ್ತಿತ್ತು, ಇಲ್ಲವೆ ಹೆಚ್ಚುತ್ತಿತ್ತು. ಇಷ್ಟು ದಿನ ಇದರ ಮೇಲೆ ತುಳಿದವರಿಗೆ ಕೈಬಿಟ್ಟರೆ ಸೈಕಲ್ ಒಂದೇ ಕಡೆಗೆ ಎಳೆಯುತ್ತಿದ್ದಿರಬೇಕು.

“ಹೌದ್ರಿ, ಅಕ್ಕ ಅಂತಿದ್ಲು” ಎಂದಳು ಹುಡುಗಿ. ಅಕ್ಕ ಎಂದರೆ ಮೊದಲು ಅದನ್ನು ಓಡಿಸಿದ ಹಿರಿಯ ಸವಾರಳು.

ಇನ್ನು ಹಲಗೆ. ನನ್ನದು ಎರಡು ಇಂಚು ದಪ್ಪ, ನಾಲ್ಕು ಇಂಚು ಅಗಲದ, ಆಳೆತ್ತರದ ತುಂಡು. ಫ್ರೇಮಿಗೆ ತಾಗುವ ಎರಡು ಜಾಗಕ್ಕೆ ಹಳೆಯ ಟ್ಯೂಬು ಸುತ್ತಿದ್ದೇನೆ. ಎಡಗಾಲನ್ನು ಹೊರಕ್ಕೆ ತರಬೇಕಾದರೆ ಹಲಗೆಯನ್ನು ಹಿಂದಿನಿಂದ ಎರಡು ಪಟ್ಟಿಗಳ ನಡುವೆ ತೂರಿಸಿ, ಎಡಪಟ್ಟಿಯ ಒಳಮೈಗೆ ತಾಗಿಸಿ, ಮುಂದಿನ ತುದಿಯನ್ನು ಎಡಗಡೆಯ ಪೈಪುಗಳ ನಡುವಿನ ತ್ರಿಕೋನದೊಳಗಿಂದ ಹಾಯಿಸಿ ಸೀಟಿನ ಪೈಪಿನ ಎಡಮೈಗೆ ಆನಿಸಬೇಕು. ಹಿಂದೆ ಉದ್ದಕ್ಕೆ ಉಳಿದ ತುದಿಯೇ ಹಿಡಿಕೆ. ಗೋಣಿಚೀಲ ಹಾಸಿ ಫ್ರೇಮನ್ನು ಮಲಗಿಸಿ, ಒಬ್ಬರು ಅದನ್ನು ಒತ್ತಿ ಹಿಡಿದರೆ ಇನ್ನೊಬ್ಬರು ಹಿಡಿಕೆಯನ್ನು ಹೊರಕ್ಕೆ ಎಳೆಯುವುದು. ಇದು ಸನ್ನೆಗೋಲು. ಬಲ ಹಲವು ಪಟ್ಟು ಆಗುತ್ತದೆ, ಆದ್ದರಿಂದ ಜಟ್ಟಿಗಳು ದೂರ ಇರಬೇಕು.

ಮೊದಲ ಸಲ ಎಳೆದು ಬಿಟ್ಟಾಗ ಏನೂ ಆಗಿರಲಿಲ್ಲ. ವರ್ನಿಯರ್ ಮತ್ತೆ 126 ತೋರಿಸಿತು. ಅಪ್ಪನ ಮುಖದಲ್ಲಿ ನಿರಾಸೆ. ಆದರೆ ಉಕ್ಕಿನ ಗುಣವೇ ಅದು. ಒಂದು ಗಡಿಯ ತನಕ ಎಷ್ಟು ಎಳೆದರೂ ಬಿಟ್ಟ ಕೂಡಲೇ ಮೊದಲಿನ ಜಾಗಕ್ಕೆ ಬರುತ್ತದೆ. ಗಡಿ ದಾಟಿದ ಮೇಲಿನ ಎಳೆತ ಮಾತ್ರ ಉಳಿಯುತ್ತದೆ. ಕಬ್ಬಿಣದಂಗಡಿಯ ಅಗ್ಗದ ಉಕ್ಕಿರಲಿ, ರೆನಾಲ್ಡ್ಸ್ ಇರಲಿ, ಬಗ್ಗಲು ತೋರುವ ಪ್ರತಿರೋಧ ಹೆಚ್ಚುಕಡಿಮೆ ಒಂದೇ, 200 ಗಿಗಾಪ್ಯಾಸ್ಕಲ್ ಆಸುಪಾಸು. ಬೇರೆಯಾಗುವುದು ಆ ಗಡಿ. ಒಳ್ಳೆಯ ಉಕ್ಕಿಗೆ ಗಡಿ ದೂರದಲ್ಲಿರುತ್ತದೆ. ಹಾಗಾಗಿ ನಾಲ್ಕು ಮಿಲಿಮೀಟರ್ ನಿಲ್ಲಬೇಕಾದರೆ ಅದರ ಎಷ್ಟೋ ಪಟ್ಟು ಹೊರಕ್ಕೆ ಎಳೆಯಬೇಕಾಗುತ್ತದೆ, ಮೊದಲ ಸಲ ನೋಡುವವರಿಗೆ ಎದೆ ಝಲ್ಲೆನ್ನುವಷ್ಟು. ಇಲ್ಲೇ ಅವಸರ ಮಾಡಬಾರದು. ತುಸು ಹೆಚ್ಚು ಎಳೆ, ಬಿಡು, ಅಳೆ. ಇನ್ನೂ ತುಸು ಹೆಚ್ಚು ಎಳೆ, ಬಿಡು, ಅಳೆ. ಒಂದು ಹಂತದಲ್ಲಿ ವರ್ನಿಯರ್ 127 ತೋರಿಸುತ್ತದೆ. ಗಡಿ ಸಿಕ್ಕಿತು! ಅಲ್ಲಿಂದ ಮುಂದೆ ಪ್ರತಿ ಎಳೆತಕ್ಕೂ ಫಲ ಇದೆ, ಅಪಾಯವೂ ಇದೆ. ಮುಂದೆ ಹೋಗಿಬಿಟ್ಟರೆ ಹಲಗೆಯನ್ನು ಹೊರಗಿನಿಂದ ಹಾಕಿ ವಾಪಸು ತರಬಹುದು, ಆದರೆ ಹಿಂದೆ ಮುಂದೆ ಆಡಿಸಿದಷ್ಟೂ ಲೋಹ ಬಗ್ಗಿದಲ್ಲಿ ಬಿರುಸಾಗುತ್ತದೆ. ಬಿರುಸಾದ ಜಾಗವೇ ಮುಂದೆ ಬಿರುಕು ಬಿಡುವ ಜಾಗ.

130 ಬಂದ ಮೇಲೆ ಮತ್ತೆ ದಾರ ಕಟ್ಟಿದೆವು. ಎಡಕ್ಕೂ 30, ಬಲಕ್ಕೂ 30. ಬಲಗಾಲಿಗೆ ಹಲಗೆ ತಾಗಲೇ ಇಲ್ಲ.

ಎರಡು ಹಿಂಗಾಲುಗಳ ನಡುವೆ ಅಡ್ಡಕ್ಕೆ ಬೆಸೆದ ಪುಟ್ಟ ಪೈಪುಗಳಿರುತ್ತವಲ್ಲ, ಒಂದು ಪೆಡಲಿನ ಬುಡದ ಹಿಂದೆ, ಇನ್ನೊಂದು ಬ್ರೇಕ್ ಕೂಡ್ರುವಲ್ಲಿ, ಬಗ್ಗುವ ಭಾರ ಹೆಚ್ಚು ಬೀಳುವುದು ಅವುಗಳ ಬೆಸುಗೆಯ ಆಚೆಈಚೆ. ಒಣಬಟ್ಟೆಯಿಂದ ಒರೆಸಿ ಟಾರ್ಚ್ ಹಿಡಿದು ನೋಡಬೇಕು. ಬಣ್ಣ ಕೂದಲೆಳೆಯಷ್ಟು ಬಿರಿದಿದ್ದರೂ ಉಗುರಿನಿಂದ ಕೆರೆದು, ಬಿರಿದದ್ದು ಬಣ್ಣವೋ ಬೆಸುಗೆಯೋ ತಿಳಿಯಬೇಕು. ತುಕ್ಕು ತಿಂದ ಹಳೆಯ ಫ್ರೇಮಾದರೆ ಈ ನೋಟ ಹಲಗೆ ಹಾಕುವ ಮೊದಲೇ ಆಗಿರಬೇಕು. ಪೈಪಿನ ಒಳಗೆ ತುಕ್ಕಿದ್ದು, ಪಟ್ಟಿಯ ಹತ್ತಿರ ಬಣ್ಣ ಉಬ್ಬಿದ್ದರೆ ನಾನು ಮುಟ್ಟುವುದೇ ಇಲ್ಲ, ಯಾರು ಎಷ್ಟು ಗೋಗರೆದರೂ.

ಉಳಿದದ್ದು ಪಟ್ಟಿಗಳ ಮುಖ ಎದುರುಬದುರು ಮಾಡುವುದು. ಇದಕ್ಕೆಂದೇ ಕಂಪನಿಗಳು ಜೋಡಿ ಸಾಧನ ಮಾರುತ್ತವೆ, ಬೆಲೆ ಕೇಳಿದರೆ ಗಾಲಿಯೇ ಬಂದೀತು. ನಾನು ಹತ್ತು ಮಿಲಿಮೀಟರಿನ ಥ್ರೆಡ್ ರಾಡನ್ನು ಎರಡು ಸಮ ತುಂಡು ಮಾಡಿ, ಮುಖಗಳನ್ನು ಅರ ಹಾಕಿ ಚಪ್ಪಟೆ ಮಾಡಿಟ್ಟುಕೊಂಡಿದ್ದೇನೆ. ಒಂದೊಂದು ತುಂಡನ್ನು ಒಂದೊಂದು ಪಟ್ಟಿಗೆ ಎರಡು ನಟ್ಟಿನ ನಡುವೆ ಬಿಗಿದರೆ ಅವುಗಳ ತುದಿಗಳು ನಡುವೆ ಒಂದನ್ನೊಂದು ನೋಡುತ್ತವೆ. ಪಟ್ಟಿಗಳು ಸಮಾನಾಂತರವಾಗಿದ್ದರೆ ಎರಡೂ ಮುಖ ಪೂರ್ತಿ ಕೂಡುತ್ತವೆ. ಒಂದು ಮೇಲೆ ಒಂದು ಕೆಳಗೆ, ಅಥವಾ ಒಂದು ಬದಿಗೆ ಸಂದು ಬಿದ್ದರೆ ಯಾವ ಪಟ್ಟಿ ಸೊಟ್ಟ ಎಂದು ಕಣ್ಣಿಗೇ ಕಾಣುತ್ತದೆ. ದೊಡ್ಡ ಸ್ಪ್ಯಾನರಿನಿಂದ ಪಟ್ಟಿಯನ್ನೇ ಹಿಡಿದು ತುಸು ತಿರುಚಿದರೆ ಮುಗಿಯಿತು. ಅಂತರ ಹಿಗ್ಗಿಸಿ ಇದನ್ನು ಮಾಡದೆ ಬಿಡುವವರು ಬಹಳ. ಎಕ್ಸೆಲ್ ಮುರಿದಾಗ ಎಕ್ಸೆಲ್ಲೇ ಕಳಪೆ ಎನ್ನುತ್ತಾರೆ.

ಬಲಪಟ್ಟಿಯ ಕೆಳಗೆ, ಗೇರು ಬದಲಿಸುವ ಡೆರೈಲರ್ ನೇತಾಡುವ ಕಿವಿ ಇದೆ. ಅದು ಗಾಲಿಗೆ ಸಮಾನಾಂತರವಾಗಿಲ್ಲದಿದ್ದರೆ ಗೇರು ಒಂದು ಹಾಕಿದರೆ ಇನ್ನೊಂದಕ್ಕೆ ಹತ್ತುತ್ತದೆ. ಹಳೆಯ ಫ್ರೇಮಿನವರು ಇದನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ, ಯಾಕೆಂದರೆ ಹಲ್ಲುಚಕ್ರಗಳ ನಡುವೆ ಜಾಗ ಧಾರಾಳವಾಗಿತ್ತು. ಶಿಮಾನೊ ಕಂಪನಿಯ ಎಂಟು ಚಕ್ರದ ಕ್ಯಾಸೆಟ್ಟಿನಲ್ಲಿ ಒಂದರಿಂದ ಒಂದಕ್ಕೆ 4.8 ಮಿಲಿಮೀಟರ್, ಹತ್ತರದ್ದರಲ್ಲಿ 3.95. ತಪ್ಪಲು ಜಾಗ ಕಡಿಮೆಯಾಗುತ್ತ ಬಂದಿದೆ. ಈ ಹುಡುಗಿಯ ಫ್ರೇಮಿನಲ್ಲಿ ಕೆಳಗಿನ ಪೈಪಿನ ಮೇಲೆ ಹಳೆಯ ಕಾಲದ ಲಿವರುಗಳೇ ಇದ್ದವು. ಕ್ಲಿಕ್ಕಿಲ್ಲದೆ ಕೈಯಂದಾಜಿನಲ್ಲಿ ಸರಿಸುವಂಥವು. ಅವಕ್ಕೆ ಆರಾದರೇನು, ಎಂಟಾದರೇನು! ಬ್ರೇಕಿನದು ಮಾತ್ರ ಚೂರು ಕಿರಿಕಿರಿ. ಫ್ರೇಮು 27 ಇಂಚಿನ ಗಾಲಿಗೆ ಮಾಡಿದ್ದು, ರಿಮ್ಮಿನ ಮೇಲೆ ಟೈರು ಕೂಡ್ರುವ ವ್ಯಾಸ 630 ಮಿಲಿಮೀಟರ್. ಈಗಿನ 700ಸಿ ಗಾಲಿಯದು 622. ಬ್ರೇಕಿನ ರಬ್ಬರು ನಾಲ್ಕು ಮಿಲಿಮೀಟರ್ ಕೆಳಗಿಳಿಯಬೇಕು. ಬ್ರೇಕಿನ ಸೀಳಿನಲ್ಲಿ ಅಷ್ಟು ಜಾಗ ಇತ್ತು.

ಗಾಲಿ ಹಾಕಿ ತೋರಿಸು ಎಂದು ಹುಡುಗಿಗೇ ಹೇಳಿದೆ. ಒಂದೇ ಕೈಯಲ್ಲಿ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಅಪ್ಪ ಮಾತ್ರ ದಾರ ಬಿಚ್ಚಲು ಬಿಡಲಿಲ್ಲ, ಇನ್ನೊಮ್ಮೆ ತಾವೇ ಅಳೆದು ನೋಡಿದರು.

ಇದೆಲ್ಲ ಉಕ್ಕಿಗೆ ಮಾತ್ರ ಸಲ್ಲುವ ಮಾತು. ಅಯಸ್ಕಾಂತ ಹಿಡಿಯದ ಫ್ರೇಮಿಗೆ ಹಲಗೆ ತೋರಿಸಬೇಡಿ. ಸೈಕಲ್ಲಿಗೆ ಬಳಸುವ ಅಲ್ಯುಮಿನಿಯಮ್ ಮಿಶ್ರಲೋಹವನ್ನು ಬೆಸೆದ ಮೇಲೆ ಶಾಖ ಕೊಟ್ಟು ಗಟ್ಟಿ ಮಾಡಿರುತ್ತಾರೆ. ಗಡಿ ದಾಟಿಸಿ ಬಗ್ಗಿಸಿದರೆ ಬೆಸುಗೆಯ ಪಕ್ಕ ಬಿರುಕು ಹುಟ್ಟುತ್ತದೆ. ಆ ದಿನವೇ ಮುರಿಯುತ್ತದೆಂದೇನಿಲ್ಲ, ಅದೇ ಅದರ ಕೆಟ್ಟತನ. ಉಕ್ಕಿನ ಹಾಗೆ ಜಗ್ಗಿ ಹಿಡಿದು ಹಾಕಿಕೊಂಡು ಓಡಿಸಿದರೂ ಆ ಲೋಹ ಒಳಗೊಳಗೇ ದಣಿಯುತ್ತ ಹೋಗುತ್ತದೆ. ಕಾರ್ಬನ್ನಿನದು ಇನ್ನೂ ಸ್ಪಷ್ಟ: ಅದು ಬಗ್ಗಿ ನಿಲ್ಲುವುದೇ ಇಲ್ಲ, ಪದರ ಬಿಡುತ್ತದೆ ಇಲ್ಲವೆ ಸೀಳುತ್ತದೆ. ತೂರುಎಕ್ಸೆಲ್ಲಿನ 142, 148ರ ಫ್ರೇಮುಗಳಲ್ಲಿ ಎಕ್ಸೆಲ್ಲೇ ಎರಡೂ ಪಟ್ಟಿಯ ತೂತಿನಲ್ಲಿ ಹಾಯುವುದರಿಂದ ಮಿಲಿಮೀಟರಿನ ಹೊಂದಾಣಿಕೆಗೂ ಜಾಗವಿಲ್ಲ. ಅಂಥವಕ್ಕೆ ಸರಿಯಾದ ಹಬ್ ಹುಡುಕುವುದೊಂದೇ ದಾರಿ.

ಉಕ್ಕಾದರೂ ಎಲ್ಲಿಯ ತನಕ ಎಂಬ ಪ್ರಶ್ನೆ ಇದೆ. 120ರಿಂದ 126, 126ರಿಂದ 130, ಇವು ದಿನನಿತ್ಯದ ಕೆಲಸ. 120ರಿಂದ 130ಕ್ಕೆ ಹೋಗುವಾಗ ಎರಡು ಸಲ ಯೋಚಿಸುತ್ತೇನೆ. ಮೊನ್ನೆ ಹಾಲು ಹಾಕುವ ಒಬ್ಬರು ತಮ್ಮ ಅಟ್ಲಾಸ್ ಸೈಕಲ್ ತಳ್ಳಿಕೊಂಡು ಬಂದರು. ಕ್ಯಾರಿಯರಿಗೆ ಹಿಂದೆ ಮುಂದೆ ಕ್ಯಾನು ಕಟ್ಟುವ ಕೊಕ್ಕೆಗಳು. ಮಗ ಕೈಬಿಟ್ಟ ಗೇರ್ ಸೈಕಲ್ಲಿನ ಹಿಂದಿನ ಗಾಲಿಯನ್ನು ಇದಕ್ಕೆ ಕೂಡ್ರಿಸಬೇಕಂತೆ, ದಿಬ್ಬದಲ್ಲಿ ಹಾಲಿನ ಭಾರ ಹೊತ್ತು ತುಳಿಯುವುದು ಈ ವಯಸ್ಸಿನಲ್ಲಿ ಆಗುತ್ತಿಲ್ಲವಂತೆ. ಬಯಕೆ ನ್ಯಾಯವಾದದ್ದೇ. ಆದರೆ ಫ್ರೇಮು 110, ಗಾಲಿ 135. ಒಂದೊಂದು ಕಾಲನ್ನು ಹನ್ನೆರಡೂವರೆ ಮಿಲಿಮೀಟರ್ ಹೊರಕ್ಕೆ ತಂದರೆ ಪಟ್ಟಿಗಳು ಮೂರು ಡಿಗ್ರಿಗೂ ಮೀರಿ ಬಾಯ್ದೆರೆಯುತ್ತವೆ, ಅಡ್ಡಪೈಪಿನ ಬೆಸುಗೆ ಅದನ್ನು ತಡೆಯುತ್ತದೆಂದು ನಾನು ಬರೆದುಕೊಡಲಾರೆ. ಮೇಲೆ ನಲವತ್ತು ಲೀಟರ್ ಹಾಲು ಬೇರೆ.

ಅಂತರ ಹೇಗೋ ಕೂಡಿತೆಂದೇ ಇಟ್ಟುಕೊಳ್ಳಿ. ಡೆರೈಲರಿಗೆ ಕಿವಿಯೇ ಇಲ್ಲ. ಗಾಲಿಯ ಮೇಲೆ 26 ಎಂದು ಬರೆದಿದೆ, ಆದರೆ ಟೈರು ಕೂಡ್ರುವ ವ್ಯಾಸ 559 ಮಿಲಿಮೀಟರ್. ಅಟ್ಲಾಸಿನ 28 ಇಂಚಿನದು 635. ಎಲ್ಲಕ್ಕಿಂತ ದೊಡ್ಡ ತೊಡಕು ಬ್ರೇಕು. ಈ ಸೈಕಲ್ಲಿನದು ಸರಳಿನ ಬ್ರೇಕು. ರಬ್ಬರು ರಿಮ್ಮಿನ ಒಳಹೊಟ್ಟೆಯನ್ನು ಒಳಗಿನಿಂದ ಹೊರಕ್ಕೆ ಒತ್ತಿ ನಿಲ್ಲಿಸುತ್ತದೆ. ಅದಕ್ಕೆ ಬೇಕಾದ ದುಂಡು ಅಂಚಿನ ರಿಮ್ಮೇ ಬೇರೆ. ಗೇರ್ ಗಾಲಿಯ ರಿಮ್ಮು ಪಕ್ಕದಿಂದ ಹಿಡಿಯುವ ಬ್ರೇಕಿಗೆ ಮಾಡಿದ್ದು. ದಿಬ್ಬ ಹತ್ತಲು ಗೇರು ಸಿಕ್ಕರೂ ಇಳಿಯುವಾಗ ನಿಲ್ಲಿಸಲು ಹಿಂದಿನ ಬ್ರೇಕೇ ಇರುವುದಿಲ್ಲ.

ಎಲ್ಲವನ್ನೂ ಕೇಳಿಕೊಂಡರು. ಹಿಂದಿನ ಬ್ರೇಕಿನ ರಬ್ಬರನ್ನು ಬೆರಳಿನಿಂದ ಒತ್ತಿ ನೋಡಿದರು. ಅದು ಸವೆದು ಕಬ್ಬಿಣ ಕಾಣುತ್ತಿತ್ತು.

“ಹಂಗಾರ ಗೇರು ಬ್ಯಾಡ್ರಿ ಸರ, ಈಗಿಂದೂ ನಿಂದ್ರವಲ್ದು. ಇದಕ್ಕ ರಬ್ಬರರೆ ಹಾಕಿ ಕೊಡ್ರಿ” ಎಂದರು.

ರಬ್ಬರು ಹಾಕಿದೆ. ಒಂದು ದಾರಿಯನ್ನೂ ಹೇಳಿದೆ: ಹಿಂದಿನ ಫ್ರೀವೀಲ್ ತೆಗೆದು ಒಂದೆರಡು ಹಲ್ಲು ಹೆಚ್ಚಿರುವುದನ್ನು ಹಾಕಿಸಿದರೆ ವೇಗ ತುಸು ಕಡಿಮೆಯಾಗುತ್ತದೆ, ದಿಬ್ಬ ಹಗುರಾಗುತ್ತದೆ. ಅದಕ್ಕೆ 110 ಸಾಕು.